ಸಕಾತೆಪೆಕ್ ಫುಟ್ಬಾಲ್ ತಂಡ ಹೋದದ್ದು ಸೋತು ಅಲ್ಲ

ಮಂಡ್ಯದ ಕಡೆಯವರಿಗೆ ಸಕಾತೆಪೆಕ್ ಊರು ಹೇಗಿದೆ ಎಂದು ಹೆಚ್ಚು ಹೇಳಬೇಕಾಗಿಲ್ಲ. ನಡುವೆ ಸಕ್ಕರೆ ಕಾರ್ಖಾನೆ, ಸುತ್ತ ಕಬ್ಬಿನ ಗದ್ದೆ, ಕಟಾವಿನ ತಿಂಗಳುಗಳಲ್ಲಿ ರಸ್ತೆ ತುಂಬ ಕಬ್ಬು ಹೇರಿದ ಲಾರಿ. ಮೆಕ್ಸಿಕೋ ನಗರದಿಂದ ದಕ್ಷಿಣಕ್ಕೆ ಮೊರೆಲೋಸ್ ರಾಜ್ಯದಲ್ಲಿ, ಕ್ವೆರ್ನಾವಾಕಾ ದಾಟಿದ ಮೇಲೆ ಸಿಗುವ ಸೆಕೆಯ ಊರು ಅದು. ನಾವಾಟ್ಲ್ ಭಾಷೆಯಲ್ಲಿ ಹೆಸರಿನ ಅರ್ಥ ಹುಲ್ಲುಗುಡ್ಡ. ಎಮಿಲಿಯಾನೋ ಸಪಾತಾ ಹೆಸರಿನ ಆ ಕಾರ್ಖಾನೆಯನ್ನು 1938ರಲ್ಲಿ ಅಧ್ಯಕ್ಷ ಲಾಸರೋ ಕಾರ್ದೆನಾಸ್ ಕಾರ್ಮಿಕರ ಮತ್ತು ರೈತರ ಸಹಕಾರ ಸಂಘವಾಗಿ ಶುರುಮಾಡಿಸಿದರು. ರೈತ ಮುಖಂಡ ರುಬೇನ್ ಹಾರಾಮಿಯೋ ಅದರ ಮೊದಲ ಆಡಳಿತ ಮಂಡಳಿಯ ಅಧ್ಯಕ್ಷ. ನಮ್ಮ ಮೈಷುಗರ್ ಅದಕ್ಕಿಂತ 5 ವರ್ಷ ಹಿರಿದು, 1933ರದು. ಒಂದು ವ್ಯತ್ಯಾಸವಿದೆ: ಅಲ್ಲಿನ ಕಾರ್ಖಾನೆ ಸಕ್ಕರೆಯ ಜೊತೆಗೆ ದೇಶದ ಚಾಂಪಿಯನ್ ಆಗುವಂಥ ಒಂದು ಫುಟ್ಬಾಲ್ ತಂಡವನ್ನೂ ಬೆಳೆಸಿತು.

ತಂಡದ ಅಡ್ಡಹೆಸರು ಕಾನ್ಯೇರೋಸ್, ಅಂದರೆ ಕಬ್ಬಿನವರು. ಹುಟ್ಟಿದ ವರ್ಷ 1948. ಮೆಕ್ಸಿಕೋದಲ್ಲಿ ಎರಡನೇ ದರ್ಜೆಯ ಲೀಗ್ ಶುರುವಾದದ್ದು 1950ರಲ್ಲಿ. ಮೊದಲ ವರ್ಷವೇ ಅದನ್ನು ಗೆದ್ದು ಸಕಾತೆಪೆಕ್ ಮೇಲಿನ ದರ್ಜೆಗೆ ಹೋಯಿತು. 1954-55ರಲ್ಲಿ ಪ್ರಥಮ ದರ್ಜೆಯ ಕಿರೀಟ, 1957-58ರಲ್ಲಿ ಮತ್ತೊಮ್ಮೆ. ನಡುವೆ 1956-57ರಲ್ಲಿ ದೇಶದ ಕಪ್ ಟೂರ್ನಿ ಕೋಪಾ ಮೆಕ್ಸಿಕೋ, ಆಮೇಲೆ 1958-59ರಲ್ಲಿ ಇನ್ನೊಂದು. ಎರಡೂ ಲೀಗ್ ಕಿರೀಟಗಳ ತರಬೇತುದಾರ ಇಗ್ನಾಸಿಯೋ ತ್ರೇಯೆಸ್. ಅವರೇ 1962ರ ವಿಶ್ವಕಪ್‌ನಲ್ಲಿ ಚೆಕೊಸ್ಲೊವಾಕಿಯಾವನ್ನು 3-1ರಿಂದ ಮಣಿಸಿ ಮೆಕ್ಸಿಕೋಗೆ ಮೊದಲ ವಿಶ್ವಕಪ್ ಗೆಲುವು ತಂದುಕೊಟ್ಟವರು. 2020ರಲ್ಲಿ, 103ನೇ ವಯಸ್ಸಿನಲ್ಲಿ ತೀರಿಕೊಂಡರು. ಸಣ್ಣ ಕಾರ್ಖಾನೆ ಊರೊಂದು ರಾಜಧಾನಿಯ ಮತ್ತು ಗ್ವಾದಲಹಾರದ ದೊಡ್ಡ ತಂಡಗಳನ್ನು ಹಿಂದೆ ಹಾಕಿತ್ತು ಎಂಬುದನ್ನು ಮೆಕ್ಸಿಕೋದ ಹಿರಿಯರು ಈಗಲೂ ಗೌರವದಿಂದ ಹೇಳುತ್ತಾರೆ. ಎದುರಾಳಿಗಳಿಗೆ ಆ ಮೈದಾನದ ಬಿಸಿಲೇ ಅರ್ಧ ಸೋಲು. ಕೊರುಕೋ ದಿಯಾಸ್ ಎಂಬ ಆಟಗಾರನ ಹೆಸರಿನ ಅಲ್ಲಿನ ಕ್ರೀಡಾಂಗಣಕ್ಕೆ ಜನ ಇಟ್ಟ ಹೆಸರು ‘ಕಬ್ಬಿನ ಕಾಡು’.

ಆಮೇಲೆ ಬಿತ್ತು, ಎದ್ದಿತು, ಮತ್ತೆ ಬಿತ್ತು. ಎರಡನೇ ದರ್ಜೆಯ ಲೀಗನ್ನು ಗೆದ್ದದ್ದು ಒಟ್ಟು 5 ಸಲ: 1951, 1963, 1970, 1978, 1984. ಪ್ರತಿ ಸಲವೂ ಮೇಲೆ ಹೋಗಿ, ಒಂದೋ ಕೆಲವೋ ವರ್ಷ ನಿಂತು, ಕೆಳಗೆ ಬಂದಿದೆ. ಕೊನೆಯ ಸಲ ಇಳಿದದ್ದು 1985ರಲ್ಲಿ. ಇದನ್ನು ಅವಮಾನದ ಪಟ್ಟಿ ಎಂದು ನಾನು ಓದುವುದಿಲ್ಲ. ಹಣದಲ್ಲಿ ಸಣ್ಣದಾದ ಊರು ಮೂರು ದಶಕ ಏಣಿ ಹತ್ತುತ್ತ ಇಳಿಯುತ್ತ ಜೀವಂತವಾಗಿತ್ತು ಎಂಬುದಕ್ಕೆ ಇದೇ ದಾಖಲೆ. ಕೆಳಗೆ ಬಿದ್ದ ವರ್ಷವೂ ತಂಡ ಅದೇ ಊರಿನದು, ಮೈದಾನ ಅದೇ, ಮುಂದಿನ ವರ್ಷಕ್ಕೆ ಒಂದು ಗುರಿ ಇತ್ತು.

ಏಣಿ ಕೆಟ್ಟದ್ದು ಎರಡು ಕಡೆ. ಮೊದಲನೆಯದು ಲೆಕ್ಕದಲ್ಲಿ. 1990ರ ದಶಕದ ಆರಂಭದಿಂದ ಮೆಕ್ಸಿಕೋದಲ್ಲಿ ಆ ವರ್ಷದ ಅಂಕಪಟ್ಟಿಯ ಕೊನೆಯ ತಂಡ ಇಳಿಯುತ್ತಿರಲಿಲ್ಲ. ಮೂರು ವರ್ಷದ ಅಂಕಗಳನ್ನು ಕೂಡಿ, ಆಡಿದ ಪಂದ್ಯಗಳಿಂದ ಭಾಗಿಸಿ, ಕಡಿಮೆ ಸರಾಸರಿ ಬಂದವರನ್ನು ಇಳಿಸುತ್ತಿದ್ದರು. 18 ತಂಡಗಳ ಲೀಗ್‌ನಲ್ಲಿ ವರ್ಷಕ್ಕೆ ಎರಡು ಟೂರ್ನಿ, ತಲಾ 17 ಪಂದ್ಯ. ಮೂರು ವರ್ಷಕ್ಕೆ 102. ಹಳೆಯ ತಂಡವೊಂದು ಹಿಂದಿನ ಎರಡು ವರ್ಷದಲ್ಲಿ 85, ಈ ವರ್ಷ ಬರೀ 30 ಅಂಕ ಗಳಿಸಿದೆ ಎಂದುಕೊಳ್ಳಿ: 115ನ್ನು 102ರಿಂದ ಭಾಗಿಸಿದರೆ 1.127. ಹೊಸದಾಗಿ ಮೇಲೆ ಬಂದ ತಂಡ ಇದೇ ವರ್ಷ 38 ಅಂಕ ಗಳಿಸಿದೆ. ಅದಕ್ಕೆ ಹಿಂದಿನ ಕೂಡಿಟ್ಟ ಅಂಕವಿಲ್ಲ: 38ನ್ನು 34ರಿಂದ ಭಾಗಿಸಿದರೆ 1.118. ಈ ವರ್ಷ 8 ಅಂಕ ಹೆಚ್ಚು ಗಳಿಸಿದವರು ಮನೆಗೆ! ಗ್ವಾದಲಹಾರ ವಿಶ್ವವಿದ್ಯಾಲಯದ ಲಿಯೋನೆಸ್ ನೆಗ್ರೋಸ್ ತಂಡ 2014ರಲ್ಲಿ ಮೇಲೆ ಬಂದು 2015ರಲ್ಲೇ ಇಳಿದದ್ದು ಈ ಪದ್ಧತಿಯ ಕೆಳಗೆ. ದೊಡ್ಡವರಿಗೆ ಒಂದು ಕೆಟ್ಟ ವರ್ಷದ ಮಾಫಿ ಸಿಗಲಿ ಎಂದು ಮಾಡಿದ ಲೆಕ್ಕ ಇದು. ಸಣ್ಣವರಿಗೆ ಆ ಮಾಫಿ ಇಲ್ಲ.

ಎರಡನೆಯದು ಇದಕ್ಕಿಂತ ಆಳದ್ದು. ಮೆಕ್ಸಿಕೋದಲ್ಲಿ ಲೀಗ್‌ನಲ್ಲಿ ಆಡುವ ಹಕ್ಕು ಊರಿಗೂ ಸೇರಿದ್ದಲ್ಲ, ಅಭಿಮಾನಿಗಳಿಗೂ ಅಲ್ಲ. ಅದೊಂದು ಪರವಾನಗಿ ಪತ್ರ. ಅಲ್ಲಿನವರು ಅದನ್ನು ಫ್ರಾಂಕಿಸಿಯಾ ಅನ್ನುತ್ತಾರೆ. ಅದನ್ನು ಮಾರಬಹುದು, ಕೊಳ್ಳಬಹುದು, ಗಂಟು ಕಟ್ಟಿ ಬೇರೆ ಊರಿಗೆ ಒಯ್ಯಬಹುದು. ಕಾಫಿ ಸೀಮೆ ತಪಾಚುಲಾದ ತಂಡ 2018ರಲ್ಲಿ ಗೆದ್ದು ಬಡ್ತಿಗೆ ಅರ್ಹವಾಯಿತು, ಆದರೆ ಲೀಗ್‌ನ ಷರತ್ತುಗಳನ್ನು ಪೂರೈಸಿಲ್ಲವೆಂದು ಮೇಲೆ ಬಿಡಲಿಲ್ಲ. ಇಳಿಯಬೇಕಿದ್ದ ಲೋಬೋಸ್ ಬುವಾಪ್ ತಂಡ 12 ಕೋಟಿ ಪೆಸೊ ಕಟ್ಟಿ ಮೇಲೆಯೇ ಉಳಿಯಿತು. ಮರುವರ್ಷವೇ ಅದರ ಪರವಾನಗಿ ಗಡಿಯೂರು ಹುವಾರೆಸ್‌ಗೆ ಹೋಯಿತು.

ಸಕಾತೆಪೆಕ್‌ಗೆ ಆದದ್ದೂ ಇದೇ. ರಾಜ್ಯ ಸರ್ಕಾರ ಹಳೆಯ ಕ್ರೀಡಾಂಗಣವನ್ನು ಹೊಸದಾಗಿ ಕಟ್ಟಿಸಿ 2014ರಲ್ಲಿ ತೆರೆಯಿತು. ಸುಮಾರು 24 ಸಾವಿರ ಆಸನ, ಊರಿಗೇ ದೊಡ್ಡದೆನ್ನಿಸುವಷ್ಟು. ಮೈದಾನ ಸರ್ಕಾರದ್ದು, ಹೆಸರು ಮತ್ತು ಬಣ್ಣ ಊರಿನ ನೆನಪಿನದು, ಪರವಾನಗಿ ಮಾತ್ರ ಹೊರಗಿನ ಮಾಲೀಕನದು. 2017ರಲ್ಲಿ ತೆಪಿಕ್ ಊರಿನ ಕೋರಾಸ್ ತಂಡದ ಪರವಾನಗಿಯನ್ನು ಇಲ್ಲಿಗೆ ತಂದು ಅತ್ಲೆತಿಕೋ ಸಕಾತೆಪೆಕ್ ಎಂದು ಕರೆದರು. ತೆಪಿಕ್‌ನವರು ಅಂದು ಕಳೆದುಕೊಂಡದ್ದನ್ನು ಮೂರೇ ವರ್ಷದಲ್ಲಿ ಸಕಾತೆಪೆಕ್‌ನವರು ಕಳೆದುಕೊಂಡರು. 2020ರಲ್ಲಿ ಪ್ರಥಮ ದರ್ಜೆಯ ಮೊನಾರ್ಕಾಸ್ ಮೊರೆಲಿಯಾ ಮಾಸಾತ್ಲಾನ್ ಕಡಲೂರಿಗೆ ಹೊರಟಿತು. ಮೊರೆಲಿಯಾ ಖಾಲಿಯಾಯಿತು. ಆ ಜಾಗ ತುಂಬಲು ಸಕಾತೆಪೆಕ್‌ನ ಪರವಾನಗಿ ಅಲ್ಲಿಗೆ ಹೋಗಿ ಅತ್ಲೆತಿಕೋ ಮೊರೆಲಿಯಾ ಆಯಿತು. ಒಂದೇ ಬೇಸಿಗೆಯಲ್ಲಿ ಒಂದು ಸರಪಳಿ ಎಳೆದಂತೆ ಊರುಗಳು ತಂಡ ಕಳೆದುಕೊಂಡವು. ಐದು ಸಲದ ಹಿಂಬಡ್ತಿ ಮಾಡಲಾಗದ್ದನ್ನು ಒಂದು ಸಹಿ ಮಾಡಿತು.

ಅದೇ ವರ್ಷ ಬಡ್ತಿ-ಹಿಂಬಡ್ತಿಯನ್ನೇ ನಿಲ್ಲಿಸಿದರು. ಎರಡನೇ ದರ್ಜೆಗೆ ಎಕ್ಸ್‌ಪಾನ್ಸಿಯೋನ್ ಲೀಗ್ ಎಂದು ಹೊಸ ಹೆಸರು; ಮೇಲಿನ ದರ್ಜೆಯಲ್ಲಿ ಸರಾಸರಿ ಪಟ್ಟಿಯ ಕೊನೆಯ ಮೂವರು ಇಳಿಯುವ ಬದಲು ದಂಡ ಕಟ್ಟಿದರೆ ಸಾಕು ಎಂದರು. ಕಾರಣವಾಗಿ ಹೇಳಿದ್ದು ಕೆಳಗಿನ ಕ್ಲಬ್‌ಗಳ ಹಣಕಾಸಿನ ದುಃಸ್ಥಿತಿ. ದುಃಸ್ಥಿತಿ ನಿಜವೇ. ಆದರೆ ಮೇಲೆ ಹೋಗುವ ಆಸೆ ಇಲ್ಲದ ಲೀಗ್‌ಗೆ ಪ್ರಾಯೋಜಕ ಏಕೆ ಬರುತ್ತಾನೆ, ಟಿಕೆಟ್ ಯಾರು ಕೊಳ್ಳುತ್ತಾರೆ? ಕಾಯಿಲೆಗೆ ಕೊಟ್ಟ ಮದ್ದು ಕಾಯಿಲೆಯನ್ನೇ ಬಲಿಸಿತು ಎಂಬುದು ನನ್ನ ಅಭಿಪ್ರಾಯ. 2025ರಲ್ಲಿ ಕೆಲವು ಕ್ಲಬ್‌ಗಳು ಏಣಿ ಮರಳಿ ಕೊಡಿ ಎಂದು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯ ಬಾಗಿಲು ತಟ್ಟಿದವು. ಅವುಗಳಲ್ಲಿ ಮೊರೆಲಿಯಾವೂ ಒಂದು.

ಇದನ್ನು ಕನ್ನಡದಲ್ಲಿ ಬರೆಯಲು ಕಾರಣ, ನಾವೂ ಇದೇ ದಾರಿಯಲ್ಲಿದ್ದೇವೆ. ಬೆಂಗಳೂರಿನ ಫುಟ್ಬಾಲ್ ಬೆಳೆದದ್ದು ಎಚ್‌ಎಎಲ್, ಐಟಿಐನಂಥ ಕಾರ್ಖಾನೆ ತಂಡಗಳಲ್ಲಿ. ಆಟಗಾರನಿಗೆ ಕೆಲಸ, ಸಂಜೆ ಅಭ್ಯಾಸ, ನಿವೃತ್ತಿಯವರೆಗೆ ಸಂಬಳ. ಸಕಾತೆಪೆಕ್‌ನ ಹಾಗೆ ತಂಡ ಕಂಪನಿಯ ಬಜೆಟ್ಟಿನ ಒಂದು ಸಾಲು. ನೇಮಕಾತಿ ನಿಂತಾಗ ಆ ಸಾಲು ಹೋಯಿತು, ತಂಡವೂ ಸೊರಗಿತು. 2013ರಲ್ಲಿ ಬಂದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಆಗ ದೇಶದ ಮೇಲಿನ ದರ್ಜೆಯಾಗಿದ್ದ ಐ-ಲೀಗ್ ಗೆದ್ದು, 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್‌ವರೆಗೆ ಹೋಗಿ ನಮಗೆಲ್ಲ ಹೆಮ್ಮೆ ತಂದಿದೆ. ಆದರೆ ಅಲ್ಲಿಯೂ ಆಡುವ ಹಕ್ಕು ಕಂಪನಿಯದು, ಕಂಠೀರವ ಕ್ರೀಡಾಂಗಣ ಸರ್ಕಾರದ್ದು, ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಹಾಡುವವರ ಕೈಯಲ್ಲಿ ಕಾಗದವಿಲ್ಲ. ‘ನಮ್ಮಲ್ಲಿ ಹಾಗಾಗಲ್ಲ’ ಎನ್ನುವವರು ನೋಡಲಿ: 2019ರಲ್ಲಿ ದೆಹಲಿ ಡೈನಮೋಸ್ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಅದೇ ವರ್ಷ ಪುಣೆಯ ಜಾಗ ಹೈದರಾಬಾದ್‌ಗೆ, 2025ರಲ್ಲಿ ಹೈದರಾಬಾದ್‌ನದು ದೆಹಲಿಗೆ.

ಬೆಂಗಳೂರು ಜಿಲ್ಲಾ ಫುಟ್ಬಾಲ್ ಸಂಸ್ಥೆಯ ಸೂಪರ್, ಎ, ಬಿ, ಸಿ ಡಿವಿಷನ್‌ಗಳಲ್ಲಿ ಏಣಿ ಇನ್ನೂ ಇದೆ. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಗೌತಮಪುರದಂಥ ಬಡಾವಣೆಯ ಹುಡುಗರು ಹತ್ತುವುದು ಅಲ್ಲಿಂದ. ಅಲ್ಲಿ ತಂಡ ನಡೆಸುವವರು ಈಗಲೇ ಮೂರು ಕೆಲಸ ಮಾಡಿಕೊಳ್ಳಲಿ. ತಂಡವನ್ನು ಒಬ್ಬ ಪೋಷಕನ ಹೆಸರಿನಲ್ಲಿ ಬಿಡದೆ ಸದಸ್ಯರ ಸಂಘವಾಗಿ ನೋಂದಾಯಿಸಿ. ಹೆಸರು, ಲಾಂಛನ, ಬಣ್ಣಗಳನ್ನು ಸಂಘದ ಆಸ್ತಿಯಾಗಿ ಬರೆಸಿ; ನಾಳೆ ಬಂಡವಾಳಗಾರ ಬಂದರೆ ಅವನಿಗೆ ಬಳಕೆಯ ಹಕ್ಕು ಮಾತ್ರ, ಅದೂ ವರ್ಷಗಳ ಲೆಕ್ಕದಲ್ಲಿ. ಲೀಗ್‌ನ ಸ್ಥಾನವನ್ನು ಜಿಲ್ಲೆಯಿಂದ ಹೊರಗೆ ಒಯ್ಯಬೇಕಾದರೆ ಸರ್ವಸದಸ್ಯರ ಸಭೆಯಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು ಎಂದು ಬೈಲಾದಲ್ಲಿ ಸೇರಿಸಿ. ಹಣದ ಮಾತು ಶುರುವಾದ ಮೇಲೆ ಆ ಸಾಲು ಸೇರಿಸಲು ಯಾರೂ ಬಿಡುವುದಿಲ್ಲ.