ಮೂರೇ ಮೂರು ಬೋಲ್ಟು

ನಮ್ಮ ಟ್ರಕ್ಕು ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ನರಳೋಕೆ ಶುರು ಮಾಡಿತ್ತು. ಮೊದಲು ಸಣ್ಣಗೆ, ತಾಯಿಯನ್ನು ಹುಡುಕೋ ಕರುವಿನ ಹಾಗೆ. ಎರಡು ವಾರ ಕಳೆಯುವುದರೊಳಗೆ ಅಕ್ಕಪಕ್ಕದವರು ತಿರುಗಿ ನೋಡುವಷ್ಟು ಜೋರಾಯ್ತು. ಬಂಡೆ ಹತ್ತುವ, ಕೆಸರು ದಾಟುವ ಗಾಡಿ ಅದು. ಅಂಥದ್ದು ಪಾರ್ಕಿಂಗಿನಲ್ಲಿ ಹಿಂದೆ ಮುಂದೆ ಆಗುವಾಗ ಅಳುತ್ತದೆ ಅಂದ್ರೆ ಮಾಲೀಕನ ಮರ್ಯಾದೆ ಏನಾಗಬೇಕು?

"ಮೆಕ್ಯಾನಿಕ್‌ಗೆ ತೋರಿಸ್ರೀ" ಅಂದಳು ಹೆಂಡತಿ.

"ಪವರ್ ಸ್ಟೀರಿಂಗ್ ಪಂಪು ಹೋಗಿದೆ, ಅಷ್ಟೇ. ಮೂರೇ ಮೂರು ಬೋಲ್ಟು. ಊಟದ ಹೊತ್ತಿಗೆ ಮುಗಿಸ್ತೀನಿ" ಅಂದೆ. ಯಾವ ದಿನದ ಊಟ ಅಂತ ಹೇಳಿರಲಿಲ್ಲ, ಸದ್ಯ.

ಪಂಪಿನ ಮೇಲೆ ಅನುಮಾನ ಬರೋಕೆ ಕಾರಣವೂ ಇತ್ತು. ನೋಡೋಕೆ ಚೆನ್ನಾಗಿರುತ್ತೆ ಅಂತ ನಾನೇ 35 ಇಂಚಿನ ಟೈರು ಹಾಕಿಸಿದ್ದೆ. ಎಂಜಿನ್ನಿನ ಬೆಲ್ಟು ಪಂಪನ್ನು ತಿರುಗಿಸುತ್ತದೆ. ಅದರೊಳಗಿನ ಪುಟ್ಟ ಪುಟ್ಟ ರೆಕ್ಕೆಗಳು ಆಯಿಲನ್ನು ಒತ್ತಿ ಕಳಿಸುತ್ತವೆ, ಆ ಒತ್ತಡವೇ ಚಕ್ರ ತಿರುಗಿಸೋಕೆ ನಮಗೆ ಕೈ ಜೋಡಿಸೋದು. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಹಿಡಿದರೆ ಆ ಒತ್ತಡ ಸಾವಿರ ಪಿಎಸ್ಐ ದಾಟುತ್ತದೆ. ಟೈರಿನ ಗಾತ್ರ ಜಾಸ್ತಿ ಆದಷ್ಟೂ ಪಂಪಿಗೆ ದುಡಿಮೆ ಜಾಸ್ತಿ, ಆಯಿಲಿಗೆ ಬಿಸಿ ಜಾಸ್ತಿ. ಹೀಗೆಲ್ಲ ಯೋಚಿಸಿ, ಪಾಪ ಸತ್ತಿದೆ ಅಂತ ತೀರ್ಮಾನ ಮಾಡಿದೆ. ನಾಡಿ ಹಿಡಿದು ನೋಡಲಿಲ್ಲ.

ಬೋಲ್ಟುಗಳು ನಿಜವಾಗಿಯೂ ಮೂರೇ. ಆದರೆ ಅವು ಪುಲ್ಲಿಯ, ಅಂದ್ರೆ ಬೆಲ್ಟು ಸುತ್ತುವ ಗಾಲಿಯ, ಹಿಂದೆ ಕೂತಿದ್ದವು. ಪುಲ್ಲಿಯಲ್ಲಿರುವ ತೂತಿನ ಮೂಲಕ ಇಣುಕಿ, ಒಂದು ಬೋಲ್ಟು ಎದುರಿಗೆ ಬರುವ ತನಕ ಕೈಯಲ್ಲಿ ತಿರುಗಿಸಿ, ಸಾಕೆಟ್ ತೂರಿಸಬೇಕು. ಬೀಗದ ಕಣ್ಣಲ್ಲಿ ಇಣುಕಿ ಪಕ್ಕದ ಮನೆಯವರ ಸಂಸಾರ ರಿಪೇರಿ ಮಾಡಿದ ಹಾಗೆ. ಆಮೇಲೆ ಪೈಪು ಬಿಚ್ಚಿದೆ. ಕೆಳಗೆ ಬೋಗುಣಿ ಇಟ್ಟಿದ್ದೆ, ಜಾಣ ನೋಡಿ. ಕೆಂಪು ಆಯಿಲು ಬೋಗುಣಿಯ ಕಡೆ ಕಣ್ಣೆತ್ತಿಯೂ ನೋಡದೆ ನನ್ನ ಮುಂಗೈ ಹಿಡಿದು, ಅಂಗಿಯ ತೋಳಿನೊಳಗೆ ಇಳಿದು, ಕಂಕುಳಲ್ಲಿ ಬಂದು ನಿಂತಿತು.

ಪಂಪು ಹೊರಗೆ ಬಂತು. ಹೊಸದನ್ನು ಪೆಟ್ಟಿಗೆಯಿಂದ ತೆಗೆದೆ. ಅದಕ್ಕೆ ಪುಲ್ಲಿಯೇ ಇಲ್ಲ! ಹಳೆಯದರಿಂದ ಕಿತ್ತು ಇದಕ್ಕೆ ಹಾಕಬೇಕಂತೆ. ಸರಿ ಅಂತ ನಟ್ಟು ಹುಡುಕಿದೆ. ನಟ್ಟೂ ಇಲ್ಲ, ಸ್ಕ್ರೂ ಕೂಡ ಇಲ್ಲ. ಸುಮ್ನೆ ಶಾಫ್ಟಿಗೆ ಒತ್ತಿ ಕೂರಿಸಿದ್ದಾರೆ. ಸುತ್ತಿಗೆ ಎತ್ತಿದೆ. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಮೊದಲ ಸಾಲೇ, 'ಸುತ್ತಿಗೆ ಬಳಸಬೇಡಿ'. ಬರೆದವರು ನನ್ನನ್ನು ಎಲ್ಲೋ ನೋಡಿರಬೇಕು. ಹೊಡೆದರೆ ಏಟು ಶಾಫ್ಟಿನ ಮೂಲಕ ಒಳಗಿನ ರೆಕ್ಕೆಗಳಿಗೆ ತಗಲುತ್ತದೆ. ಅಂಚು ಹಿಡಿದು ಎಳೆಯುವ ಮಾಮೂಲಿ ಪುಲ್ಲರ್ ಕೂಡ ಆಗದು, ಪುಲ್ಲಿ ಸೊಟ್ಟಗಾಗುತ್ತದೆ. ಪುಲ್ಲಿಯ ಕತ್ತಿನಲ್ಲಿ ಸುತ್ತಲೂ ಒಂದು ಕಚ್ಚು ಇದೆ. ಅದನ್ನು ಹಿಡಿದೆಳೆಯುವ ಪುಲ್ಲರ್ರೇ ಬೇರೆ. ಕೂರಿಸೋಕೆ ಇನ್ನೊಂದು ಉಪಕರಣ.

ಎರಡನ್ನೂ ಸಾಲ ತರುವಷ್ಟರಲ್ಲಿ ಭಾನುವಾರ ಸಂಜೆಯಾಯಿತು. ಫ್ರಾನ್ಸಿಸ್ ಡೇವಿಸ್ ಅನ್ನೋ ಎಂಜಿನಿಯರು ಪವರ್ ಸ್ಟೀರಿಂಗನ್ನು 1926ರಲ್ಲೇ ಮಾಡಿ ತೋರಿಸಿದ್ದ. ಅದು ಮಾರಾಟದ ಕಾರಿಗೆ ಬಂದಿದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ನಡುವಿನ 25 ವರ್ಷ ಏನು ಮಾಡುತ್ತಿದ್ದರು? ಪುಲ್ಲಿ ಕೀಳುತ್ತಿದ್ದರು ಅಂತ ನನ್ನ ಅಂದಾಜು.

ಅಂತೂ ಪುಲ್ಲಿ ಕೂತಿತು. ಬೆಲ್ಟು ಹಾಕಿ ಸ್ಟಾರ್ಟ್ ಮಾಡಿದರೆ ಕಿರ್ರೋ ಅಂತ ಹೊಸ ರಾಗ. ಪುಲ್ಲಿಯ ಮುಖ ಶಾಫ್ಟಿನ ತುದಿಗೆ ಸಮ ಬರಬೇಕಿತ್ತು, ನಾನು ಮೂರು ಮಿಲಿಮೀಟರು ಮೊದಲೇ ನಿಲ್ಲಿಸಿದ್ದೆ. ಮತ್ತೆ ಬಿಚ್ಚಿದೆ, ಮತ್ತೆ ಒತ್ತಿದೆ. ಈ ಭಾಗದ ಬಗ್ಗೆ ಜಾಸ್ತಿ ಮಾತು ಬೇಡ.

ಕೊನೆಯ ಕೆಲಸ ಆಯಿಲಿನಿಂದ ಗಾಳಿ ತೆಗೆಯೋದು. ಮುಂದಿನ ಚಕ್ರಗಳನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತಾ ಇರಬೇಕು. ಮಗಳನ್ನು ಸೀಟಿನಲ್ಲಿ ಕೂರಿಸಿದೆ. ನಾನು ಆಯಿಲ್ ಡಬ್ಬಿಗೆ ಟಾರ್ಚ್ ಹಿಡಿದು ನಿಂತೆ. ಗುಳ್ಳೆಗಳು ಒಂದೊಂದಾಗಿ ಮೇಲೆ ಬಂದು ಟಪ್ ಅಂತ ಒಡೆಯುವುದನ್ನು ನೋಡೋಕೆ ಒಂಥರಾ ಖುಷಿ.

"ಅಪ್ಪಾ, ಇಪ್ಪತ್ತಾಯ್ತು."

ಗುಳ್ಳೆ ನಿಂತವು. ಎಂಜಿನ್ ಸ್ಟಾರ್ಟ್ ಮಾಡಿಸಿದೆ. ಅರ್ಧ ನಿಮಿಷಕ್ಕೆ ಡಬ್ಬಿಯ ತುಂಬ ಸೋಪಿನ ನೊರೆ, ಜೊತೆಗೆ ಅದೇ ಹಳೇ ನರಳಾಟ. ಆಫ್ ಮಾಡಿ ಇನ್ನೊಂದು ಇಪ್ಪತ್ತು. ಮತ್ತೆ ಸ್ಟಾರ್ಟ್, ಮತ್ತೆ ನೊರೆ. ಹೊಸ ಪಂಪೂ ಕೆಟ್ಟದ್ದೇ ಕೊಟ್ಟಿದ್ದಾರೆ ಅಂತ ನಾನು ಬೈಯೋಕೆ ಶುರು ಮಾಡಿದೆ.

ಮಗಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಗಾಳಿ ತೆಗೆದ ಮೇಲೂ ಬರ್ತಿದೆ ಅಂದ್ರೆ, ಎಲ್ಲಿಂದಲೋ ಒಳಗೆ ಹೋಗ್ತಿದೆ ಅಲ್ವಾ ಅಪ್ಪಾ?"

ನಾನು ಬೈಯೋದು ನಿಲ್ಲಿಸಿದೆ. ಡಬ್ಬಿಯಿಂದ ಪಂಪಿಗೆ ಬರುವ ದಪ್ಪ ಪೈಪು ಇದೆಯಲ್ಲ, ಅದರಲ್ಲಿ ಒತ್ತಡ ಇರೋದಿಲ್ಲ, ಪಂಪು ಅಲ್ಲಿಂದ ಹೀರಿಕೊಳ್ಳುತ್ತದೆ. ಅಲ್ಲಿ ಸಡಿಲ ಇದ್ದರೆ ಆಯಿಲು ಸೋರದೆಯೂ ಗಾಳಿ ಒಳಗೆ ಹೋಗಬಹುದು. ಆ ಪೈಪಿನ ಕ್ಲಿಪ್ಪನ್ನು ಮುಟ್ಟಿದೆ. ಬಡವಾದ ಬೆರಳಿನ ಉಂಗುರದ ಹಾಗೆ ಗಿರಗಿರ ತಿರುಗಿತು. ಹಳೇ ಪಂಪಿನಿಂದ ಬಿಚ್ಚಿ, ಒರೆಸಿ, ಅಷ್ಟೇ ಜೋಪಾನವಾಗಿ ಹೊಸದಕ್ಕೆ ಹಾಕಿದ್ದವನು ನಾನೇ.

ಹೊಸ ಕ್ಲಿಪ್ ಹಾಕೋಕೆ ನಾಲ್ಕು ನಿಮಿಷ ಸಾಕಾಯ್ತು. ಇನ್ನೊಂದು ಇಪ್ಪತ್ತು ತಿರುಗಿಸಿ ಸ್ಟಾರ್ಟ್ ಮಾಡಿದರೆ ನೊರೆಯಿಲ್ಲ, ನರಳಾಟವಿಲ್ಲ. ಒಂದು ಬೆರಳಲ್ಲಿ ಸ್ಟೀರಿಂಗ್ ತಿರುಗುತ್ತಿತ್ತು. ಹಳೇ ಪಂಪು ನೆಲದ ಮೇಲೆ ಹಳೇ ಪೇಪರಿನಲ್ಲಿ ಮಲಗಿತ್ತು. ಅದರ ಶಾಫ್ಟು ತಿರುಗಿಸಿ ನೋಡಿದೆ. ಬೆಣ್ಣೆ.

ಬಟ್ಟೆ ಸುತ್ತಿ ಅಟ್ಟದ ಮೇಲಿಡುವಾಗ ಹೆಂಡತಿ ಬಂದಳು. "ಕೆಟ್ಟಿರೋದಲ್ವಾ ಅದು? ಯಾಕೆ ಎತ್ತಿಡ್ತಿದೀರಿ?"

"ಸ್ಪೇರ್‌ಗೆ ಇರಲಿ" ಅಂದೆ.

ಮಗಳು ನನ್ನ ಮುಖ ನೋಡಿದಳು. ಒಂದು ಮಾತೂ ಆಡಲಿಲ್ಲ. ಆ ರಾತ್ರಿಯಿಂದ ಅವಳು ಏನು ಕೇಳಿದರೂ ನಾನು ಹೂಂ ಅನ್ನುತ್ತಿದ್ದೇನೆ.