ಬೇಸಾಯದ ತೀರ್ಮಾನಕ್ಕೆ ಉಪಗ್ರಹ, ಎಐ ನೆಚ್ಚಬಹುದೇ?

ಪರ: ಗುಂಟೆ ಗುಂಟೆಯ ಲೆಕ್ಕ ಕೈಗೆ ಸಿಗುತ್ತದೆ

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಐದು ದಿನಕ್ಕೊಮ್ಮೆ ನಮ್ಮ ಹೊಲದ ಚಿತ್ರ ತೆಗೆಯುತ್ತವೆ, ಪುಕ್ಕಟೆಯಾಗಿ ಕೊಡುತ್ತವೆ. ಚಿತ್ರದ ಒಂದು ಚುಕ್ಕಿ, ಅಂದರೆ ಪಿಕ್ಸೆಲ್, ನೆಲದ ಮೇಲೆ 100 ಚದರ ಮೀಟರ್. ಒಂದು ಗುಂಟೆ ಸುಮಾರು 101 ಚದರ ಮೀಟರ್. ಗುಂಟೆಗೊಂದು ಪಿಕ್ಸೆಲ್ ಬಂತಲ್ಲ! ಹಸಿರು ತುಂಬಿದ ಎಲೆ ಕೆಂಪು ಬೆಳಕನ್ನು ಹೀರಿಕೊಂಡು ಅವಕೆಂಪು ಕಿರಣವನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ಸೊರಗಿದ ಎಲೆಯಲ್ಲಿ ಈ ವ್ಯತ್ಯಾಸ ಕಡಿಮೆ. ಬೆಳೆಯ ಹಸಿರನ್ನು ಅಳೆಯುವ ಎನ್‌ಡಿವಿಐ ಎಂಬ ಅಂಕಿ ಹುಟ್ಟುವುದು ಇದರಿಂದಲೇ. ಯಾವ ತಾವಿನ ಅಂಕಿ ಕುಸಿಯುತ್ತಿದೆ ಎಂದು ಲೆಕ್ಕ ಹಾಕಿ ಮೊಬೈಲಿಗೆ ತಿಳಿಸುವುದು ಎಐ ಕೆಲಸ.

ಪಕ್ಕದ ಹೊಲದ ಜತೆ ಹೋಲಿಸಬಾರದು, ತಳಿ ಮತ್ತು ನಾಟಿಯ ದಿನ ಬೇರೆ ಇರುತ್ತವೆ. ನಮ್ಮ ಹೊಲದೊಳಗೇ ಸತತ ಎರಡು ಚಿತ್ರಗಳಲ್ಲಿ ಮಂಕಾಗಿ ಕಂಡ ತಾವಿಗೆ ನಡೆದು ಹೋಗಬೇಕು. ಡ್ರಿಪ್ ಹಾಕಿದ ಕಬ್ಬಿನಲ್ಲಿ ಒಂದು ವಾಲ್ವಿನ ಭಾಗ ಮಾತ್ರ ಪೂರಾ ಮಂಕಾಗಿದ್ದರೆ ಆ ವಾಲ್ವ್ ಸರಿಯಾಗಿ ತೆರೆಯುತ್ತಿದೆಯೇ, ಲ್ಯಾಟರಲ್ (ಸಾಲಿಗೆ ನೀರು ಹನಿಸುವ ಸಣ್ಣ ಪೈಪು) ತುದಿ ಬಿಚ್ಚಿದಾಗ ಕೆಸರು ಬರುತ್ತದೆಯೇ ನೋಡಿ. ಗೊತ್ತುಗುರಿ ಇಲ್ಲದೆ ಅಲ್ಲಲ್ಲಿ ಮಂಕಾಗಿದ್ದರೆ ಅನುಮಾನ ಮಣ್ಣಿನ ಮೇಲೆ. ಆಗ ಇಡೀ ಹೊಲದ ಮಣ್ಣನ್ನು ಕಲಸಬೇಡಿ. ಚೆನ್ನಾಗಿರುವ ತಾವಿನದೊಂದು, ಸೊರಗಿದ ತಾವಿನದೊಂದು ಮಾದರಿ ಬೇರೆ ಬೇರೆ ತೆಗೆಯಿರಿ. ಎಂಟು-ಹತ್ತು ಕಡೆ 15 ಸೆಂ.ಮೀ. ಆಳದ 'ವಿ' ಆಕಾರದ ಗುಂಡಿ ತೋಡಿ, ಮಣ್ಣು ಬೆರೆಸಿ, ನಾಲ್ಕು ಪಾಲು ಮಾಡುತ್ತ ಅರ್ಧ ಕಿಲೋಗೆ ಇಳಿಸಿ.

ಮೋಡ ಕವಿದರೆ ಉಪಗ್ರಹಕ್ಕೆ ಹೊಲ ಕಾಣದು ಎನ್ನುವವರು ಇದ್ದೇ ಇದ್ದಾರೆ. ಹನ್ನೆರಡು ತಿಂಗಳ ಕಬ್ಬಿಗೆ ಹನ್ನೆರಡು ತಿಂಗಳೂ ಮೋಡವೇ?

ವಿರೋಧ: ಬೇಕಾದಾಗ ಕಾಣದ ಕಣ್ಣು

ಗುಂಟೆಗೊಂದು ಪಿಕ್ಸೆಲ್ ಎಂಬ ಲೆಕ್ಕ ಕಾಗದದ ಮೇಲೆ ಚೆಂದ. ಚೌಕವಾದ ಒಂದು ಎಕರೆಯ ಬದಿ ಸುಮಾರು 64 ಮೀಟರ್, ಅಡ್ಡಕ್ಕೆ ಆರು, ಉದ್ದಕ್ಕೆ ಆರು ಪಿಕ್ಸೆಲ್ ಹಿಡಿಯುತ್ತವೆ. ಉಪಗ್ರಹದ ಗೆರೆ ನಮ್ಮ ಬದುವನ್ನು ನೋಡಿ ಎಳೆದದ್ದಲ್ಲ. ಅಂಚಿನ 20 ಪಿಕ್ಸೆಲ್‌ಗಳಲ್ಲಿ ಬದುವಿನ ತೆಂಗು, ಪಕ್ಕದವರ ಬೆಳೆ ಎಲ್ಲ ಬೆರೆತಿರುತ್ತವೆ. ನೆಚ್ಚಬಹುದಾದದ್ದು ಒಳಗಿನ 16 ಮಾತ್ರ. ರಾಗಿಯ ನಡುವೆ ಅವರೆ, ಸಾಸಿವೆ, ಹರಳು ಅಕ್ಕಡಿ ಹಾಕಿದ ಹೊಲದಲ್ಲಂತೂ ಆ 16ರ ಅಂಕಿ ಯಾವ ಬೆಳೆಯದು?

ಮೋಡವನ್ನು ಕಬ್ಬಿನ ಮರೆಯಲ್ಲಿ ತೇಲಿಸಿಬಿಟ್ಟರು. ಮಳೆಯಾಶ್ರಿತ ರೈತನ ತೀರ್ಮಾನಗಳೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಆಗಬೇಕು, ಮೋಡ ಕವಿಯುವುದೂ ಆಗಲೇ. ಮೋಡದಾಚೆಗೂ ನೋಡುವ ರಾಡಾರ್ ಉಪಗ್ರಹ ಇದೆಯಲ್ಲ ಅನ್ನುತ್ತಾರೆ. ಗದ್ದೆಯಲ್ಲಿ ನೀರು ನಿಂತಿದೆ ಎಂದು ಹೇಳಲು ರಾಡಾರ್ ಯಾಕೆ, ಬದುವಿನ ಮೇಲೆ ನಿಂತವನಿಗೆ ಕಾಣುವುದಿಲ್ಲವೇ?

ಮುಸುಕಿನ ಜೋಳದ ಸೈನಿಕ ಹುಳುವನ್ನೇ ನೋಡಿ. ದೇಶದಲ್ಲಿ ಅದು ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಶಿವಮೊಗ್ಗದಲ್ಲೇ. ಬಿತ್ತಿದ ಇಪ್ಪತ್ತು ದಿನಕ್ಕೆ ಪೈರು ನೆಲವನ್ನು ಮುಚ್ಚಿರುವುದಿಲ್ಲ, ಪಿಕ್ಸೆಲ್ ತುಂಬ ಬರೀ ಮಣ್ಣು. ಹುಳು ಆಗಲೇ ಎಲೆ ಕೆರೆಯುತ್ತಿರುತ್ತದೆ. ಪೊರೆ ಮಾತ್ರ ಉಳಿದ ಬಿಳಿ ಕಿಂಡಿ, ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ, ಇವೇ ಗುರುತು. ಹೊಲದ ಐದು ಕಡೆ ಹತ್ತು ಹತ್ತು ಗಿಡದ ಸುಳಿ ಬಿಡಿಸಿ ನೋಡಿದರೆ ಸಾಕು, ಅರ್ಧ ಗಂಟೆಯ ಕೆಲಸ. ಮರಿಹುಳು ಇರುವಾಗಲೇ ಲೀಟರ್ ನೀರಿಗೆ 0.4 ಗ್ರಾಂ ಎಮಾಮೆಕ್ಟಿನ್ ಬೆಂಜೊಯೇಟ್ ಬೆರೆಸಿ, ನಾಜಲ್ ಸುಳಿಯೊಳಕ್ಕೆ ತಿರುಗಿಸಿ ಹೊಡೆದರೆ ಹಿಡಿತಕ್ಕೆ ಬರುತ್ತದೆ. ಎನ್‌ಡಿವಿಐ ಕುಸಿಯುವಷ್ಟು ಎಲೆ ಹೋಗುವ ಹೊತ್ತಿಗೆ ಹುಳು ಬಲಿತು ಸುಳಿಯ ತಳ ಸೇರಿರುತ್ತದೆ, ಅದರ ಹಿಕ್ಕೆಯೇ ಸುಳಿಯ ಬಾಯಿಗೆ ಬೆಣೆ ಹೊಡೆದಂತೆ ಕೂತಿರುತ್ತದೆ. ಔಷಧ ಅಲ್ಲಿಗೆ ಇಳಿಯುವುದಿಲ್ಲ.

ಸಲಹೆ ತಪ್ಪಿದರೆ ಒಂದು ಬೆಳೆ ಹೋಗುತ್ತದೆ, ಇರಲಿ. ವಿಮೆಯ ಮಾತು ಬೇರೆ. ಫಸಲ್ ಬಿಮಾದಲ್ಲಿ 2023ರ ಮುಂಗಾರಿನಿಂದ ಭತ್ತದ ಇಳುವರಿ ಅಂದಾಜಿನಲ್ಲಿ ಉಪಗ್ರಹದ ಲೆಕ್ಕಕ್ಕೆ ಕನಿಷ್ಠ ಶೇ 30ರಷ್ಟು ತೂಕ ಕೊಡುವ ವ್ಯವಸ್ಥೆ ಬಂದಿದೆ. ಹೊಲದಲ್ಲೇ ಕೊಯ್ದು ಇಳುವರಿ ಅಳೆಯುವ ಬೆಳೆ ಕಟಾವು ಪ್ರಯೋಗದಲ್ಲಿ ಹಗ್ಗ ಹಿಡಿದು ಗುರುತು ಮಾಡಿದ ತಾಕು, ಬಡಿದ ಕಾಳು, ತಕ್ಕಡಿ ಎಲ್ಲ ರೈತನ ಕಣ್ಣೆದುರೇ ಇರುತ್ತವೆ, ತಕರಾರಿದ್ದರೆ ಅಲ್ಲೇ ಎತ್ತಬಹುದು. ಕಂಪ್ಯೂಟರಿನೊಳಗಿನ ಲೆಕ್ಕಕ್ಕೆ ತಕರಾರು ಎಲ್ಲಿ ಕೊಡಬೇಕು, ಪರ ಬರೆದವರು ತಿಳಿಸಲಿ.