ಉಲ್ಟಾ ಕ್ರಮದಲ್ಲಿ ಜೋಡಿಸಿ

ಮೊನ್ನೆ ಊಟಕ್ಕೆ ತಟ್ಟೆ ಇಡಲು ಟೇಬಲ್ಲಿನ ಮೇಲೆ ಜಾಗವೇ ಇರಲಿಲ್ಲ. ತುಂಬ ಪುಸ್ತಕ. ಕೈಯಲ್ಲಿದ್ದ ಬಿಸಿ ಸಾರಿನ ಪಾತ್ರೆಯನ್ನು ಸುಮ್ನೆ ಒಂದರ ಮೇಲೆ ಇಟ್ಟೆ. "ಅಯ್ಯೋ, ಅದು ಒರಿಜಿನಲ್ ಕಣೇ!" ಎಂದು ಇವರು ಚೀರಿದರು. ಹಿಂದೊಮ್ಮೆ ಅದೇ ಸಾರು ನನ್ನ ಕೈ ಮೇಲೆ ಚೆಲ್ಲಿದಾಗ ಇವರ ದನಿ ಇಷ್ಟು ಮೇಲೆ ಹೋಗಿರಲಿಲ್ಲ.

ನಾವಿರುವುದು ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರ. ಎಂಜಿ ಕಾರುಗಳನ್ನು ತಯಾರಿಸುತ್ತಿದ್ದ ಆಬಿಂಗ್ಡನ್ ಊರು ಇಲ್ಲೇ ಪಕ್ಕದಲ್ಲಿ. ಆ ಕಾರ್ಖಾನೆ 1980ರಲ್ಲೇ ಬಾಗಿಲು ಹಾಕಿತು. ಹುಚ್ಚು ಮಾತ್ರ ಇನ್ನೂ ಚಾಲ್ತಿಯಲ್ಲಿದೆ. ಅದು ಇವರಿಗೂ ತಗುಲಿ, ಹಳೇ ಎಂಜಿಎ ಒಂದು ನಮ್ಮ ಗ್ಯಾರೇಜಿಗೆ ಬಂತು. 1955ರಿಂದ 1962ರವರೆಗೆ ಬಂದ ಕಾರು. ಎರಡೇ ಸೀಟು. ಬಾಗಿಲಿಗೆ ಹೊರಗಡೆ ಹಿಡಿಕೆ ಸಹ ಇಲ್ಲ, ಒಳಗೆ ಕೈ ಹಾಕಿಯೇ ತೆಗೆಯಬೇಕು. ನೋಡಲು ಚೆಂದ, ಇಲ್ಲ ಅನ್ನುವುದಿಲ್ಲ. ಆದರೆ ಇಂಜಿನ್ ಆಯಿಲ್ ಕುಡಿಯುತ್ತೆ, ಹೊಗೆ ಉಗುಳುತ್ತೆ. "ನಾನೇ ಬಿಚ್ಚಿ ಓವರ್‌ಹಾಲ್ ಮಾಡ್ತೀನಿ. ಮೊದಲು ಒಂದು ಒಳ್ಳೇ ರಿಪೇರಿ ಮ್ಯಾನುಯಲ್ ಆರಿಸಬೇಕು, ಅಷ್ಟೇ" ಎಂದರು.

ಆ "ಅಷ್ಟೇ" ಇನ್ನೂ ಮುಗಿದಿಲ್ಲ. ಇಂಜಿನ್ನಿನ ಒಂದು ನಟ್ಟೂ ಅಲುಗಿಲ್ಲ. ಪುಸ್ತಕಗಳು ಮಾತ್ರ ಮರಿ ಹಾಕುತ್ತಿವೆ. ಇದನ್ನು ನೋಡಿ ನೋಡಿ, ಹಳೇ ಕಾರಿನ ಇಂಜಿನ್ ಕಟ್ಟುವವರು ಯಾವ ಮ್ಯಾನುಯಲ್ ಕೊಳ್ಳಬೇಕು ಅನ್ನುವುದನ್ನು ನಾನೇ ಬರೆದುಬಿಡೋಣ ಅನ್ನಿಸಿತು. ಹೇಗೂ ಇವರಿಗಿಂತ ಜಾಸ್ತಿ ಓದಿರುವುದು ನಾನೇ.

ಕಂಪನಿಯವರದೇ ವರ್ಕ್‌ಶಾಪ್ ಮ್ಯಾನುಯಲ್ ಇದೆ. ಸಾರಿನ ಪಾತ್ರೆ ಕೂತದ್ದು ಅದರ ಮೇಲೆಯೇ. ಡೀಲರ್ ಹತ್ತಿರ ಕೆಲಸ ಮಾಡುವ ಪಳಗಿದ ಫಿಟ್ಟರ್‌ಗಳಿಗೆ ಬರೆದದ್ದು. "ವಿಶೇಷ ಟೂಲ್ ಬಳಸಿ ತೆಗೆಯಿರಿ" ಎಂದು ಒಂದು ನಂಬರ್ ಕೊಟ್ಟು ಮುಂದೆ ಹೋಗಿಬಿಡುತ್ತದೆ. ಆ ಟೂಲ್ ಹುಡುಕುವುದೇ ಇನ್ನೊಂದು ಜನ್ಮದ ಕೆಲಸ. ಪಾರ್ಟ್ಸ್ ಲಿಸ್ಟ್ ಇದೆ. ಅದರಲ್ಲಿ ಮಾತೇ ಕಡಿಮೆ, ಬರೀ ಚಿತ್ರ ಮತ್ತು ನಂಬರ್. ಯಾವ ವಾಷರ್ ಯಾವುದರ ಹಿಂದೆ ಬರುತ್ತೆ ಅನ್ನುವುದು ಅದರಲ್ಲಿ ಚೆನ್ನಾಗಿ ಗೊತ್ತಾಗುತ್ತೆ. ಆಮೇಲೆ ಟ್ಯೂನಿಂಗ್ ಪುಸ್ತಕಗಳು. ಇಂಜಿನ್ನಿನ ಶಕ್ತಿ ಇನ್ನೂ ಎಷ್ಟು ಹೆಚ್ಚಿಸಬಹುದು ಎಂದು ಹೇಳುವಂಥವು. ಸ್ಟಾರ್ಟ್ ಮಾಡಿದರೆ ಬೀದಿ ತುಂಬ ಹೊಗೆಯಾಗುವ ಕಾರಿಗೆ ಅದು ಯಾಕೆ ಎಂದು ಕೇಳಿದೆ. ಉತ್ತರ ಬರಲಿಲ್ಲ.

ಇನ್ನು ಹೇನ್ಸ್ ಕಂಪನಿಯ ಮ್ಯಾನುಯಲ್. ಅದನ್ನು ಶುರು ಮಾಡಿದ ಜಾನ್ ಹೇನ್ಸ್ ಮೇಲೆ ನನಗೆ ಗೌರವವಿದೆ. ಶಾಲೆಯಲ್ಲಿ ರಗ್ಬಿ ತಪ್ಪಿಸಿಕೊಂಡು ಹಳೇ ಆಸ್ಟಿನ್ ಸೆವೆನ್ ಒಂದನ್ನು ಸ್ಪೋರ್ಟ್ಸ್ ಕಾರು ಮಾಡಿದ ಹುಡುಗ. ಮುಂದೆ ವಾಯುಪಡೆ ಸೇರಿ 1965ರಲ್ಲಿ ಏಡನ್‌ನಲ್ಲಿದ್ದಾಗ, ಜೊತೆಯವರೊಬ್ಬರ ಕಪ್ಪೆಗಣ್ಣಿನಂಥ ದೀಪಗಳ ಸ್ಪ್ರೈಟ್ ಕಾರಿನ ರಿಪೇರಿಗೆ ಕೈ ಹಾಕಿದರು. ಕಂಪನಿಯ ಮ್ಯಾನುಯಲ್ ಸಾಮಾನ್ಯ ಜನಕ್ಕೆ ಉಪಯೋಗವಿಲ್ಲ ಎಂದು ಗೊತ್ತಾಯಿತು. ಕ್ಯಾಮೆರಾ ತಗೊಂಡು ಬಿಚ್ಚುವುದು, ಕಟ್ಟುವುದು ಎಲ್ಲದರ ಫೋಟೋ ತೆಗೆದರು. 1966ರಲ್ಲಿ ಅದೇ ಅವರ ಮೊದಲ ವರ್ಕ್‌ಶಾಪ್ ಮ್ಯಾನುಯಲ್ ಆಯಿತು. ಗಮನಿಸಿ, ಆ ಮನುಷ್ಯ ಮೊದಲು ಕೈ ಮಸಿ ಮಾಡಿಕೊಂಡರು. ಪುಸ್ತಕ ಆಮೇಲೆ ಬಂತು. ನಮ್ಮ ಮನೆಯಲ್ಲಿ ಎಲ್ಲಾ ತಿರುಗಾ ಮುರುಗಾ.

ತಿರುಗಾ ಮುರುಗಾ ಎಂದಾಗ ನೆನಪಾಯಿತು. ಈ ಪುಸ್ತಕಗಳಲ್ಲೆಲ್ಲ ಒಂದು ವಾಕ್ಯ ಬರುತ್ತದೆ, ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಪುಟಗಟ್ಟಲೆ ಬಿಚ್ಚುವುದನ್ನು ಹೇಳಿ, ಕೊನೆಗೆ "ಬಿಚ್ಚಿದ್ದನ್ನು ಉಲ್ಟಾ ಕ್ರಮದಲ್ಲಿ ಜೋಡಿಸಿ" ಎಂದು ಮುಗಿಸಿಬಿಡುತ್ತಾರೆ. ಬಿಚ್ಚುವಾಗ ಮುರಿದ ಬೋಲ್ಟನ್ನು ಉಲ್ಟಾ ಕ್ರಮದಲ್ಲಿ ಏನು ಮಾಡಬೇಕು ಸ್ವಾಮಿ?

ಎಂಜಿಎ ಮೊದಲು ಬಂದಾಗ ಅದರಲ್ಲಿದ್ದದ್ದು ಬಿಎಂಸಿಯ, ಅಂದರೆ ಬ್ರಿಟಿಷ್ ಮೋಟರ್ ಕಾರ್ಪೊರೇಷನ್‌ನ, ಬಿ-ಸೀರೀಸ್ ಇಂಜಿನ್. 1489 ಸಿಸಿ. ಆ ನಂಬರ್ ಓದಿದಾಗ ನಾನು ಪುಸ್ತಕ ಕೆಳಗಿಟ್ಟೆ. 1489 ಅಂದರೆ ನಮ್ಮಪ್ಪನ ಅಂಬಾಸಡರ್! 1959ರಿಂದ ಅಂಬಾಸಡರ್‌ಗೆ ಕೂರಿಸಿದ್ದು ಇದೇ ಬಿ-ಸೀರೀಸ್. ಇಲ್ಲಿ ಎರಡು ಕಾರ್ಬುರೇಟರ್ ಹಾಕಿ, ಹುಡ್ ತೆಗೆದು, ತಲೆಗೂದಲು ಹಾರಿಸಿಕೊಂಡು ಓಡಿಸಿದರು. ನಮ್ಮಲ್ಲಿ ಒಂದೇ ಕಾರ್ಬುರೇಟರ್ ಹಾಕಿ, ಒಳಗೆ ಒಂಬತ್ತು ಜನ ಕೂತು ಧರ್ಮಸ್ಥಳಕ್ಕೆ ಹೋದೆವು.

ನಮ್ಮದು ಹಾಸನ. ಅಪ್ಪನ ಕಾರು ಒಂದು ಸಲ ಹೊಗೆ ಬಿಡಲು ಶುರು ಮಾಡಿತು. ಬಿ.ಎಂ. ರಸ್ತೆಯಲ್ಲಿ ಒಬ್ಬ ಮೇಸ್ತ್ರಿ ಇದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ. ದೊಡ್ಡ ಸ್ಕ್ರೂಡ್ರೈವರ್ ಒಂದನ್ನು ಬ್ಲಾಕಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದರು. "ಬೋರ್ ಹೋಗಿದೆ ಸಾರ್, ಇಂಜಿನ್ ಇಳಿಸಬೇಕು" ಎಂದರು. ಅಪ್ಪ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಜೆ.ಸಿ. ರಸ್ತೆಯಿಂದ ಓವರ್‌ಸೈಜ್ ಪಿಸ್ಟನ್, ರಿಂಗ್ ಸೆಟ್, ಬೇರಿಂಗ್, ಗ್ಯಾಸ್ಕೆಟ್ ಎಲ್ಲಾ ತಂದರು. ಮೇಸ್ತ್ರಿ ಇಂಜಿನ್ನನ್ನು ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹಳೇ ಪೇಪರ್ ಮೇಲೆ ಸಾಲಾಗಿ ಹರಡಿದರು. ಒಂದು ಚೀಟಿ ಇಲ್ಲ, ಒಂದು ಗುರುತು ಇಲ್ಲ. ಎಲ್ಲಾ ತಲೆಯಲ್ಲೇ. ಶಾಲೆಯಿಂದ ಬರುವಾಗ ನಾನು ನಿಂತು ನೋಡುತ್ತಿದ್ದೆ. ಆ ಕೈ ಓಡುವುದನ್ನು ನೋಡುವುದೇ ಒಂದು ಖುಷಿ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಬಹಳ ಸೊಗಸು. "ಪುಸ್ತಕ ಯಾಕೆ ಬೇಕು, ನಮ್ಮ ಹಳೇ ಮೇಸ್ತ್ರಿಗಳ ಮುಂದೆ ಯಾವ ಇಂಜಿನಿಯರ್ ನಿಲ್ಲುತ್ತಾನೆ" ಎಂದು ಕಣ್ಣು ಒದ್ದೆ ಮಾಡಿಕೊಳ್ಳುವವರು ನಮ್ಮ ನೆಂಟರಲ್ಲೇ ಬೇಕಾದಷ್ಟಿದ್ದಾರೆ. ಅವರು ಯಾರೂ ಆ ಕಾರಿನಲ್ಲಿ ಶಿರಾಡಿ ಘಾಟಿ ಹತ್ತಲಿಲ್ಲ. ನಾವು ಹತ್ತಿದೆವು. ಧರ್ಮಸ್ಥಳದಿಂದ ವಾಪಸ್ ಬರುವಾಗ ಅರ್ಧ ಘಾಟಿಯಲ್ಲಿ ಬಾನೆಟ್ಟಿನಿಂದ ಬುಸ್ಸೆಂದು ಹಬೆ. ಇಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಜಡಿಮಳೆ, ಅಜ್ಜಿಗೆ ವಾಂತಿ, ಚಿಕ್ಕಪ್ಪನಿಗೆ ಸಿಟ್ಟು. ಲಾರಿಯವರೊಬ್ಬರು ಸಕಲೇಶಪುರದವರೆಗೆ ಎಳೆದುಕೊಂಡು ಹೋದರು. ಮೇಸ್ತ್ರಿ ಹೊಸ ಗ್ಯಾಸ್ಕೆಟ್ ಹಾಕಿದರು. ಅದೂ ಹೋಯಿತು. ಆಗಲೂ ಅವರು "ನಿಮ್ಮ ಗ್ಯಾಸ್ಕೆಟ್ಟೇ ಡೂಪ್ಲಿಕೇಟ್ ಸಾರ್" ಎಂದರು.

ಈಗ ಇಲ್ಲಿ ಕೂತು ಓದುತ್ತೇನೆ: ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಶುರು ಮಾಡಿ ಹೊರಗಡೆಗೆ, ಸ್ವಲ್ಪ ಸ್ವಲ್ಪವಾಗಿ, 50 ಫುಟ್-ಪೌಂಡ್‌ವರೆಗೆ ಬಿಗಿಯಬೇಕು. ಮೇಸ್ತ್ರಿ ಹತ್ತಿರ ಬಿಗಿ ಎಷ್ಟಾಯಿತು ಎಂದು ಅಳೆಯುವ ಟಾರ್ಕ್ ರೆಂಚ್ ಇರಲಿಲ್ಲ. ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ, ಒಂದು ತುದಿಯಿಂದ ಶುರು ಮಾಡಿ, ಉಸಿರು ಬಿಗಿಹಿಡಿದು ಎಳೆಯುತ್ತಿದ್ದರು. ನಾನೇ ಕಣ್ಣಾರೆ ನೋಡಿದ್ದೇನೆ.

ಹಾಗಂತ ಮ್ಯಾನುಯಲ್ ಇರಲಿಲ್ಲ ಅಂದುಕೊಳ್ಳಬೇಡಿ. ಅಪ್ಪನ ಹತ್ತಿರ ಇತ್ತು. ಶಾಲೆಯ ಪುಸ್ತಕಕ್ಕೆ ಹಾಕುವ ಕಂದು ಬೈಂಡ್ ಹಾಕಿ, ಮನೆಪತ್ರದ ಜೊತೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಮೇಸ್ತ್ರಿ ಕೈಗೆ ಕೊಟ್ಟರೆ ಗ್ರೀಸ್ ಆಗುತ್ತೆ ಎಂದು. ಎರಡು ಗ್ಯಾಸ್ಕೆಟ್, ಒಂದು ಲಾರಿ ಬಾಡಿಗೆ, ವಾರವಿಡೀ ಚಿಕ್ಕಪ್ಪನ ಮೌನ. ಪುಸ್ತಕ ಮಾತ್ರ ಹೊಸದರಂತೆ ಉಳಿಯಿತು. ಇವರನ್ನು ಕಟ್ಟಿಕೊಂಡಾಗ ಗಂಡಸರ ಈ ಜಾತಿ ಬಯಲುಸೀಮೆಯಲ್ಲೂ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಎಲ್ಲಿದ್ದೆ? ಹಾಂ, ಆರಿಸುವುದು. ಸೆಕೆಂಡ್‌ಹ್ಯಾಂಡ್ ಮ್ಯಾನುಯಲ್‌ಗಳಲ್ಲಿ ನಾನು ಕಂಡ ಒಂದು ವಿಷಯ ಹೇಳುತ್ತೇನೆ. ಹಳೇ ಮಾಲೀಕರ ಹೆಬ್ಬೆಟ್ಟಿನ ಮಸಿ ನೋಡುತ್ತಾ ಹೋಗಿ. ಇಂಜಿನ್ ಇಳಿಸುವ ಪುಟ ಕಪ್ಪು. ಹೆಡ್ ಬಿಚ್ಚುವ ಪುಟ ಕಪ್ಪು. ಕ್ರ್ಯಾಂಕ್ ತೆಗೆಯುವ ಪುಟದಲ್ಲಿ ಐದೂ ಬೆರಳು. ಅಲ್ಲಿಂದ ಮುಂದೆ ಜೋಡಿಸುವ ಪುಟಗಳು ಬಹಳ ಸಲ ಸ್ವಚ್ಛ. ಪುಸ್ತಕ ಮಾರಾಟಕ್ಕೆ ಯಾಕೆ ಬಂತು ಅಂತ ಬೇರೆ ಹೇಳಬೇಕಾ? ಕೊನೆಯ ಪುಟದವರೆಗೂ ಮಸಿ ಹತ್ತಿರುವ ಪ್ರತಿ ಸಿಕ್ಕರೆ ನಂಬಬಹುದು. ಆದರೆ ಮಾರುವವರು "ಒಂದು ಕಲೆಯೂ ಇಲ್ಲ" ಎಂದು ಬರೆದು ಅದಕ್ಕೇ ಜಾಸ್ತಿ ಬೆಲೆ ಹಾಕುತ್ತಾರೆ. ಇವರು ಆರಿಸಿ ಆರಿಸಿ ಅಂಥದ್ದನ್ನೇ ತರುತ್ತಾರೆ.

ಇಷ್ಟೆಲ್ಲಾ ಆದಮೇಲೆ ನಿನ್ನೆ ಇನ್ನೊಂದು ಓದಿದೆ. ಎಷ್ಟೋ ಎಂಜಿಎಗಳಲ್ಲಿ ಹಳೇ ಮಾಲೀಕರು ಮೂಲ ಇಂಜಿನ್ ತೆಗೆದು ಆಮೇಲೆ ಬಂದ ಎಂಜಿಬಿಯ 1798 ಸಿಸಿ ಇಂಜಿನ್ ಕೂರಿಸಿದ್ದಾರಂತೆ. ಇಂಜಿನ್ ನಂಬರ್ 15ರಿಂದ ಶುರುವಾದರೆ 1489 ಸಿಸಿ, 18ರಿಂದ ಶುರುವಾದರೆ ಎಂಜಿಬಿಯದು. ಹಾಗಿದ್ದರೆ ಟೇಬಲ್ ಮೇಲಿನ ಅರ್ಧ ಪುಸ್ತಕ ದಂಡ.

"ರೀ, ಇಂಜಿನ್ ನಂಬರ್ ನೋಡಿದ್ದೀರಾ?" ಎಂದು ಕೇಳಿದೆ.

ಇವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಪ್ಲೇಟ್ ಯಾವ ಕಡೆ ಇರುತ್ತೆ ಅಂತ ನೋಡ್ತೀನಿ ಇರು" ಎಂದು ಕನ್ನಡಕ ಹಾಕಿಕೊಂಡು, ಒಂದು ಮ್ಯಾನುಯಲ್ ಎಳೆದುಕೊಂಡು ಕೂತರು.

ಬ್ಲಾಕಿನ ಬಲಗಡೆ, ಡೈನಮೋ ಹತ್ತಿರ ಇರುತ್ತೆ. ನಾನು ಹೇಳಲಿಲ್ಲ.